ಸಹಾಯ ಬೇಕು: ಮೊದಲ ಹಾರಾಟಕ್ಕೆ ಮುಂಚೆ ಇಂಧನದ ಒತ್ತಡ ಬೀಳ್ತಿದೆ (ಹಾಸನ)

ನಾವೇ ಕಟ್ಟಿದ ಎರಡು ಸೀಟಿನ ವಿಮಾನ, ರೋಟಾಕ್ಸ್ 912 ಎಂಜಿನ್, 80 ಎಚ್‌ಪಿ. ಅನುಮತಿ ಬರೋ ತನಕ ಟ್ಯಾಕ್ಸಿ ಪರೀಕ್ಷೆ (ನೆಲದ ಮೇಲೆ ಓಡಿಸಿ ನೋಡೋದು) ಮಾತ್ರ. ಬೆಳಿಗ್ಗೆ ಏನೂ ತೊಂದರೆಯಿಲ್ಲ. ಮಧ್ಯಾಹ್ನ ಬಿಸಿ ಎಂಜಿನ್ ಆಫ್ ಮಾಡಿ, ಹತ್ತು ನಿಮಿಷ ಬಿಟ್ಟು ಮತ್ತೆ ಸ್ಟಾರ್ಟ್ ಮಾಡಿದ್ರೆ ಒತ್ತಡ 0.3 ಬಾರ್‌ನಿಂದ 0.15ಕ್ಕಿಂತ ಕೆಳಗಿಳಿದು ಮುಳ್ಳು ನಡುಗುತ್ತೆ.

ಫಿಲ್ಟರ್ ಕ್ಲೀನ್ ಇದೆ, ಟ್ಯಾಂಕಿನ ಗಾಳಿರಂಧ್ರ ಕಟ್ಟಿಲ್ಲ. ವಿಮಾನದ ಮೂತಿ ಮೇಲೆತ್ತಿ, ಕಾರ್ಬ್ಯುರೇಟರ್ ಹತ್ತಿರ ಪೈಪ್ ಬಿಚ್ಚಿ ಅಳೆದಾಗ ಪಂಪ್‌ನಿಂದ ನಿಮಿಷಕ್ಕೆ 660 ಮಿಲಿ, ಅಂದರೆ ಗಂಟೆಗೆ 40 ಲೀಟರ್ ಬಂತು. ಸುರಕ್ಷತೆಗೆ ಅಂತ ಟೇಕಾಫ್ ಬಳಕೆಯ 125% ಲೆಕ್ಕ ಹಾಕಿದ್ರೂ ಸುಮಾರು 30 ಲೀಟರ್ ಸಾಕು. ಹಾಗಾಗಿ ಪಂಪ್ ಮೇಲೆ ಅನುಮಾನವಿಲ್ಲ.

ಎಥನಾಲ್ ಬೆರೆತ ಬಂಕ್ ಪೆಟ್ರೋಲ್ ಎಕ್ಸಾಸ್ಟ್ ಪಕ್ಕದ ಪೈಪಲ್ಲೇ ಆವಿಯಾಗ್ತಿದೆ ಅಂತ ಗುಮಾನಿ. ಇಷ್ಟು ಎತ್ತರದ ಊರಲ್ಲಿ ಅದು ಇನ್ನೂ ಬೇಗ ಕುದಿಯುತ್ತೆ. ಪೈಪಿಗೆ ಫೈರ್‌ಸ್ಲೀವ್ (ಬಿಸಿ ತಡೆಯೋ ಹೊದಿಕೆ) ಹಾಕಿದ್ದೇವೆ, ಸಾಲದು.

ಆವಿ ಮತ್ತು ಹೆಚ್ಚುವರಿ ಪೆಟ್ರೋಲನ್ನ ವಾಪಸ್ ಟ್ಯಾಂಕಿಗೆ ಒಯ್ಯೋ ರಿಟರ್ನ್ ಲೈನ್ ಹಾಕಿದವರು ಯಾರಾದ್ರೂ ಇದ್ದೀರಾ? ಆ ಲೈನಲ್ಲಿ ಹರಿವನ್ನ ಮಿತಿಯಲ್ಲಿಡೋ ರೆಸ್ಟ್ರಿಕ್ಟರ್‌ನ ತೂತು ಎಷ್ಟು ಎಂಎಂ ಇಟ್ಟಿರಿ, ಎಲ್ಲಿ ಕೂರಿಸಿದಿರಿ? ಫೋಟೋ ಇದ್ದರೆ ಹಾಕಿ.