ಆಟಿಸಂ ಇರುವ ಮಗನಿಗೆ ಒಂದನೇ ಕ್ಲಾಸ್: "ಅಮ್ಮ ದಿನಾ ಜೊತೆಗೆ ಕೂರಬೇಕು" ಅಂತಾರೆ, ಏನು ಮಾಡಲಿ?

ಮಾದಾಪುರದ ಅಮ್ಮ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಕೊಡಗಿನ ಮಾದಾಪುರದ ಹತ್ತಿರ. ಮಗನಿಗೆ ಮೇ ತಿಂಗಳಿಗೆ 6 ತುಂಬುತ್ತದೆ. ಮೂರೂವರೆ ವರ್ಷ ಇದ್ದಾಗ ಮೈಸೂರಿನ ವಾಕ್ ಶ್ರವಣ ಸಂಸ್ಥೆಗೆ ತೋರಿಸಿದೆವು, ಆಟಿಸಂ ಅಂದರು. ಮಾತು ಕಡಿಮೆ, ಹತ್ತು ಹದಿನೈದು ಪದ ಇರಬಹುದು. ಬೇಕಾದ್ದನ್ನು ನಮ್ಮ ಕೈ ಹಿಡಿದು ಎಳೆದುಕೊಂಡು ಹೋಗಿ ತೋರಿಸುತ್ತಾನೆ.

ಎರಡು ವರ್ಷ ಅಂಗನವಾಡಿಯಲ್ಲಿ ಚೆನ್ನಾಗಿಯೇ ಇದ್ದ. ಅಲ್ಲಿನ ಸಹಾಯಕಿ ಅಕ್ಕ ಅಕ್ಕಿ ಡಬ್ಬದ ಪಕ್ಕ ಅವನಿಗೇ ಅಂತ ಒಂದು ಜಾಗ ಇಟ್ಟಿದ್ದರು, ಬೇರೆ ಮಕ್ಕಳು ಕೂತರೆ ಎಬ್ಬಿಸುತ್ತಿದ್ದರು. ಈಗ ಸ್ಕೂಲಿನ ಚಿಂತೆ. ಪೇಟೆಯ ಒಂದು ಇಂಗ್ಲಿಷ್ ಮೀಡಿಯಂ ಸ್ಕೂಲಿಗೆ ಹೋದೆವು. ನಗುನಗುತ್ತಾ ಮಾತಾಡಿ ಕಾಫಿನೂ ಕೊಟ್ಟು ಕೊನೆಗೆ ಹೇಳಿದ್ದು, ನಮ್ಮಲ್ಲಿ ಇಂಥ ಮಕ್ಕಳನ್ನು ನೋಡಿಕೊಳ್ಳುವವರು ಇಲ್ಲ, ನೀವೇ ದಿನಾ ಬಂದು ಪಕ್ಕದಲ್ಲಿ ಕೂತರೆ ಸೇರಿಸಿಕೊಳ್ಳೋಣ ಅಂತ. ನಾನು ಟೈಲರಿಂಗ್ ಅಂಗಡಿಯಲ್ಲಿ ಕೆಲಸ ಮಾಡುತ್ತೇನೆ, ಯಜಮಾನರು ಪಿಕಪ್ ಓಡಿಸುತ್ತಾರೆ. ನಾನು ಕೂತರೆ ಮನೆ ನಡೆಯೋದು ಹೇಗೆ?

ಮನೆ ಹತ್ತಿರದ ಸರ್ಕಾರಿ ಶಾಲೆಯ ಹೆಡ್‌ಮಾಸ್ಟರು ಕರೆದುಕೊಂಡು ಬನ್ನಿ ಅಂದಿದ್ದಾರೆ. ಆದರೆ ಅಲ್ಲಿ ಶೀಟ್ ಮಾಡು. ನಮ್ಮ ಕಡೆ ಜುಲೈ ಮಳೆ ಶೀಟ್ ಮೇಲೆ ಬಿದ್ದರೆ ಹೇಗಿರುತ್ತದೆ ಅಂತ ನಿಮಗೆಲ್ಲ ಗೊತ್ತಲ್ವಾ, ದೊಡ್ಡವರಿಗೇ ಪಕ್ಕದವರ ಮಾತು ಕೇಳಿಸಲ್ಲ. ಇವನು ಕಿವಿ ಮುಚ್ಚಿಕೊಂಡು ಕೂಗುತ್ತಾನೆ, ಇಲ್ಲಾಂದ್ರೆ ಓಡುತ್ತಾನೆ. ಹೋದ ವರ್ಷ ಅಂಗನವಾಡಿಯಿಂದ ಓಡಿ ರಸ್ತೆವರೆಗೆ ಹೋಗಿಬಿಟ್ಟಿದ್ದ. ಅದನ್ನು ನೆನೆಸಿಕೊಂಡರೆ ಈಗಲೂ ಕೈ ನಡುಗುತ್ತದೆ.

ದಿನಾ ಕೂರಬೇಕು ಅಂತ ಆ ಪೇಟೆ ಸ್ಕೂಲಿನವರು ಹೇಳಬಹುದಾ? ಸ್ಕೂಲು ಬಿಟ್ಟ ಮೇಲೆ ಐದೂವರೆವರೆಗೆ ಇವನನ್ನು ಎಲ್ಲಿ ಬಿಡಲಿ? ಗೊತ್ತಿದ್ದವರು ಹೇಳಿ.

ಹಾರಂಗಿ ದಡ

ಅಕ್ಕ, ನನ್ನ ಮಗನೂ ಆಟಿಸಂ ಇರುವವನೇ, ಈಗ ನಾಲ್ಕನೇ ಕ್ಲಾಸ್. ನೇರವಾಗಿ ಹೇಳ್ತೀನಿ, ಬೇಜಾರಾಗಬೇಡಿ. ನೀವು ಸ್ಕೂಲಿನಿಂದ ಶುರು ಮಾಡಿದ್ದೀರಿ. ಬಿಆರ್‌ಸಿಯಿಂದ ಶುರು ಮಾಡಬೇಕಿತ್ತು.

ಬಿಆರ್‌ಸಿ ಅಂದರೆ ತಾಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರ, ಅಲ್ಲಿಗೆ ಹೋಗಿ ಬಿಐಇಆರ್‌ಟಿ ಯಾರು ಅಂತ ಕೇಳಿ. ವಿಶೇಷ ಅಗತ್ಯ ಇರುವ ಮಕ್ಕಳಿಗೆ ಅಂತಲೇ ಇರುವ ಶಿಕ್ಷಕರು ಅವರು. ಮಗುವನ್ನು ನೋಡುತ್ತಾರೆ, ಟೀಚರಿಗೆ ಹೇಗೆ ಕಲಿಸಬೇಕು ಅಂತ ಹೇಳಿಕೊಡುತ್ತಾರೆ, ಕರೆದುಕೊಂಡು ಹೋಗಿ ಬರಲು ಭತ್ಯೆ ಇದ್ದರೆ ಅರ್ಜಿ ಹಾಕಿಸುತ್ತಾರೆ. ಆದರೆ ಒಬ್ಬರಿಗೆ ತುಂಬಾ ಶಾಲೆ ಇರುತ್ತದೆ. ದಿನಾ ಬಂದು ಪಕ್ಕದಲ್ಲಿ ಕೂರ್ತಾರೆ ಅಂತ ಅಂದುಕೊಳ್ಳಬೇಡಿ, ನಾನು ಹಾಗೆ ಅಂದುಕೊಂಡು ಆರು ತಿಂಗಳು ಸುಮ್ನೆ ಕಾದೆ.

ಕೂರಬೇಕು ಅನ್ನೋ ವಿಷಯ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 16ನೇ ಸೆಕ್ಷನ್ ಪ್ರಕಾರ ಸರ್ಕಾರದ ಮಾನ್ಯತೆ ಇರುವ ಶಾಲೆಗಳೂ ಭೇದ ಮಾಡದೆ ಸೇರಿಸಿಕೊಳ್ಳಬೇಕು, ಮಗುವಿಗೆ ತಕ್ಕ ಅನುಕೂಲ ಮಾಡಿಕೊಡಬೇಕು. ಖಾಸಗಿ ಅಂದ ಮಾತ್ರಕ್ಕೆ ಬಿಡುಗಡೆ ಇಲ್ಲ. ನಾನು ಮಾಡಿದ್ದು ಇಷ್ಟೇ: "ತಾಯಿ ಕೂತರೆ ಮಾತ್ರ ಸೇರಿಸಿಕೊಳ್ಳುತ್ತೇವೆ ಅಂತ ಲೆಟರ್‌ಹೆಡ್ಡಲ್ಲಿ ಬರೆದುಕೊಡಿ ಸಾರ್" ಅಂದೆ. ಬರೆದುಕೊಡಲಿಲ್ಲ. ಎರಡು ದಿನ ಬಿಟ್ಟು ಅವರೇ ಫೋನ್ ಮಾಡಿದರು. ನೀವೂ ಏನೇ ಅರ್ಜಿ ಕೊಟ್ಟರೂ ಎರಡು ಕಾಪಿ ಮಾಡಿ, ಒಂದರ ಮೇಲೆ ಸೀಲು ಹಾಕಿಸಿಕೊಂಡು ಮನೆಗೆ ತನ್ನಿ.

ಯುಡಿಐಡಿ, ಅಂದರೆ ಅಂಗವಿಕಲರ ಗುರುತಿನ ಕಾರ್ಡ್ ಆಗಿದೆಯಾ? ಇಲ್ಲಾಂದ್ರೆ ಈಗಲೇ ಆನ್‌ಲೈನಲ್ಲಿ ಹಾಕಿ. ಅದರಲ್ಲಿ ಅಂಗವೈಕಲ್ಯ 40 ಪರ್ಸೆಂಟ್ ಅಥವಾ ಜಾಸ್ತಿ ಅಂತ ಬಂದರೆ 6ರಿಂದ 18 ವರ್ಷದವರೆಗೆ ಹತ್ತಿರದ ಶಾಲೆಯಲ್ಲಾಗಲಿ ವಿಶೇಷ ಶಾಲೆಯಲ್ಲಾಗಲಿ ಉಚಿತವಾಗಿ ಓದುವ ಹಕ್ಕಿದೆ, 31ನೇ ಸೆಕ್ಷನ್. ಅರ್ಜಿ ಹಾಕೋದು ಕಷ್ಟ ಅನಿಸಿದರೆ ಪಂಚಾಯಿತಿಯಲ್ಲಿ ವಿಆರ್‌ಡಬ್ಲ್ಯೂ (ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು) ಇರುತ್ತಾರೆ, ಇಂಥ ಕೆಲಸಕ್ಕೇ ಇರುವವರು. ಮೈಸೂರಿಗೆ ಥೆರಪಿಗೆ ಹೋಗುವಾಗ ನಿಮಗೆ ಹೇಗೂ ಶಕ್ತಿ ಯೋಜನೆಯ ಉಚಿತ ಬಸ್ ಇದೆ, ಟಿಕೆಟ್ ತಗೊಂಡು ಒದ್ದಾಡೋದು ನಮ್ಮಂಥ ಅಪ್ಪಂದಿರು 😅

ನಲಿಕಲಿ ಮಿಸ್

ನಾನು ಪೊನ್ನಂಪೇಟೆ ಕಡೆಯ ಒಂದು ಸರ್ಕಾರಿ ಶಾಲೆಯಲ್ಲಿ ಟೀಚರ್. ಮೇಲಿನ ಸರ್ ಹೇಳಿದ್ದು ಸರಿ, ಆದರೆ ನನ್ನನ್ನು ಕೇಳಿದರೆ ಆ ಇಂಗ್ಲಿಷ್ ಮೀಡಿಯಂ ಸ್ಕೂಲಿನ ಜೊತೆ ಗುದ್ದಾಡುವ ಬದಲು ಹತ್ತಿರದ ಶಾಲೆಗೇ ಹಾಕಿ ಅಂತೀನಿ. ನಮ್ಮ ಶಾಲೆ ಅಂತ ಹೊಗಳುತ್ತಿಲ್ಲ. ಕಾರಣ ಇಲ್ಲಿನ ನಲಿಕಲಿ ಪದ್ಧತಿ.

ಒಂದು ಎರಡು ಮೂರನೇ ಕ್ಲಾಸಿನ ಮಕ್ಕಳು ಒಟ್ಟಿಗೆ ಕೂರುತ್ತಾರೆ. ಪ್ರತಿ ಮಗು ಕಲಿಕಾ ಏಣಿಯಲ್ಲಿ ತನ್ನ ಮೆಟ್ಟಿಲು ನೋಡಿಕೊಂಡು ಕಾರ್ಡ್ ತಗೊಂಡು ಬರುತ್ತದೆ. ಇವನ ವಯಸ್ಸಿನವನು ಹತ್ತನೇ ಮೆಟ್ಟಿಲಲ್ಲಿದ್ದು ಇವನು ಎರಡರಲ್ಲಿದ್ದರೂ ಅಲ್ಲಿ ಅದು ಯಾರಿಗೂ ವಿಚಿತ್ರ ಅನಿಸೋದಿಲ್ಲ. ಕಾರ್ಡಿನ ಮೇಲೆ ಚಿತ್ರ ಇರುತ್ತದೆ, ಮಾತು ಕಡಿಮೆ ಇರುವ ಮಗುವಿಗೆ ಅದೇ ದೊಡ್ಡ ಅನುಕೂಲ. ನನ್ನ ಕ್ಲಾಸಲ್ಲಿ ಇಂಥ ಒಬ್ಬ ಹುಡುಗ ಇದ್ದ. ಬಂದ ತಕ್ಷಣ ಎಲ್ಲರ ಕಾರ್ಡುಗಳನ್ನೂ ಟ್ರೇಯಲ್ಲಿ ಸರಿಯಾಗಿ ಜೋಡಿಸಿಟ್ಟ ಮೇಲೇ ಕೂರುತ್ತಿದ್ದ. ನನಗೂ ಕೆಲಸ ಕಮ್ಮಿ!

ಒಂದು ತಪ್ಪು ಒಪ್ಪಿಕೊಳ್ಳುತ್ತೇನೆ. ಅವನ ಅಮ್ಮನಿಗೆ ನಾನೂ ಬಂದು ಕೂರಿ ಅಂದಿದ್ದೆ. ತಿಂಗಳು ಕಳೆದರೂ ಅವನು ನನ್ನ ಮುಖವನ್ನೇ ನೋಡಲಿಲ್ಲ, ಏನಿದ್ದರೂ ಅಮ್ಮನ ಕಡೆಗೇ. ಆಮೇಲೆ ಲೆಕ್ಕ ಹಾಕಿ ಕಮ್ಮಿ ಮಾಡಿದೆವು. ಒಂದು ವಾರ ಕ್ಲಾಸಿನೊಳಗೆ, ಮುಂದಿನ ವಾರ ಜಗಲಿಯಲ್ಲಿ, ಆಮೇಲೆ ಬಿಸಿಯೂಟ ಬಡಿಸುವ ಹೊತ್ತಿಗೆ ಮಾತ್ರ. ನಾಲ್ಕನೇ ವಾರ ಅವರು ಗೇಟಿನಲ್ಲೇ ಬಿಟ್ಟು ಹೋದರು. ನೀವೂ ಮೂರು ವಾರ ಬರುತ್ತೇನೆ, ತಾರೀಖು ಬರೆದುಕೊಳ್ಳಿ ಅಂತ ಹೇಳಿ. ವರ್ಷವಿಡೀ ಕೂರಬೇಡಿ.

ಇನ್ನು ಒಂದು ಹಾಳೆ ಬರೆದು ಟೀಚರಿಗೆ ಕೊಡಿ. ಆಟಿಸಂ ಅನ್ನೋ ಹೆಸರು, ರಿಪೋರ್ಟು ಅಲ್ಲ. ಮೂತ್ರ ಬಂದರೆ ಏನು ಮಾಡುತ್ತಾನೆ, ಓಡುವ ಮುಂಚೆ ಏನು ಸೂಚನೆ ಕೊಡುತ್ತಾನೆ, ಏನು ಕೊಟ್ಟರೆ ಸಮಾಧಾನ ಆಗುತ್ತಾನೆ. ಗೇಟಿನ ಚಿಲಕ ಅವನ ಕೈಗೆ ಸಿಗದಷ್ಟು ಮೇಲೆ ಹಾಕಿಸಿಕೊಡಿ ಅಂತ ಶಾಲೆಯ ಅಭಿವೃದ್ಧಿ ಸಮಿತಿ ಎಸ್‌ಡಿಎಂಸಿಗೆ ಕೇಳಿ. ಅದಕ್ಕೆ ಹೆಚ್ಚು ದುಡ್ಡು ಬೇಕಿಲ್ಲ.

ಬೆಟ್ಟದ ಮೇಲಿನವನು

ಎಲ್ಲರೂ ಸಾಮಾನ್ಯ ಶಾಲೆ ಅಂತೀರಿ. ಸುಂಟಿಕೊಪ್ಪದಲ್ಲಿ ಸ್ವಸ್ಥ ಇದೆಯಲ್ಲ, ವಿಶೇಷ ಮಕ್ಕಳಿಗೇ ಅಂತ ಇರುವ ಶಾಲೆ. ಮಾದಾಪುರಕ್ಕೆ ಏನೂ ದೂರ ಇಲ್ಲ. ನಮ್ಮ ಅಣ್ಣನ ಮಗಳನ್ನು ಮೂರು ವರ್ಷ ಸಾಮಾನ್ಯ ಶಾಲೆಯ ಕೊನೆ ಬೆಂಚಲ್ಲಿ ಕೂರಿಸಿಟ್ಟಿದ್ದರು, ಹಾಜರಿ ಬಿಟ್ಟರೆ ಬೇರೇನೂ ಕಲಿಯಲಿಲ್ಲ. ವಿಶೇಷ ಶಾಲೆಗೆ ಹೋದ ಮೇಲೆ ತಾನೇ ಬಟ್ಟೆ ಹಾಕಿಕೊಳ್ಳುತ್ತಾಳೆ, ಕೈತೊಳೆದು ಊಟಕ್ಕೆ ಕೂರುತ್ತಾಳೆ. ಒಮ್ಮೆ ಹೋಗಿ ನೋಡಿಕೊಂಡು ಬನ್ನಿ, ಸೇರಿಸಲೇಬೇಕು ಅಂತ ಇಲ್ಲ.

ನಲಿಕಲಿ ಮಿಸ್

ಕೊನೆ ಬೆಂಚಿನ ಮಾತು ನಿಜ ಸರ್. ಟೀಚರ್ ಮನಸ್ಸು ಮಾಡದಿದ್ದರೆ ಅಷ್ಟೇ ಆಗೋದು. ಅಕ್ಕ, ಎರಡೂ ಕಡೆ ನೋಡಿ. ಈಗ ಇಲ್ಲಿ ಸೇರಿಸಿ ಆಮೇಲೆ ಅಲ್ಲಿಗೆ ಹೋಗೋಕೂ ಏನೂ ಅಡ್ಡಿ ಇಲ್ಲ.

ಹಾರಂಗಿ ದಡ

ಸಂಜೆ ಬಿಡೋದರ ಬಗ್ಗೆ ಕೇಳಿದ್ರಲ್ಲ. ಪಂಚಾಯಿತಿಯ ಶಿಶುಪಾಲನಾ ಕೇಂದ್ರ ಕೂಸಿನ ಮನೆ ಮೂರು ವರ್ಷದ ಒಳಗಿನ ಮಕ್ಕಳಿಗೆ, ಅಲ್ಲಿ ಆಗಲ್ಲ. ನಾನಾಗಿದ್ದರೆ ಆ ಅಂಗನವಾಡಿ ಸಹಾಯಕಿ ಅಕ್ಕನನ್ನೇ ಕೇಳುತ್ತಿದ್ದೆ. ಅವರ ಡ್ಯೂಟಿ ಮುಗಿದ ಮೇಲೆ ಒಂದೂವರೆ ಗಂಟೆ ಅವರ ಮನೆಯಲ್ಲಿ. ತಿಂಗಳಿಗೆ ಇಷ್ಟು ಅಂತ ಕೊಡಿ, ಪುಕ್ಕಟೆ ಮಾಡಿಸಿಕೊಳ್ಳಬೇಡಿ. ಅವನಿಗೆ ಅಕ್ಕಿ ಡಬ್ಬದ ಜಾಗ ಕೊಟ್ಟವರಿಗಿಂತ ಬೇರೆ ಯಾರು ಬೇಕು?

ಮಳೆ ರಜೆ ಮರೆಯಬೇಡಿ. ಡಿಸಿ ಬೆಳಿಗ್ಗೆ ರಜೆ ಘೋಷಣೆ ಮಾಡಿದರೆ ನನ್ನ ಮಗ ಬ್ಯಾಗ್ ಹಾಕಿಕೊಂಡು ಬಾಗಿಲಲ್ಲೇ ನಿಂತಿರುತ್ತಿದ್ದ, ಒಂದೊಂದು ಸಲ ಹನ್ನೊಂದು ಗಂಟೆವರೆಗೆ. ಈಗ ಕ್ಯಾಲೆಂಡರ್ ಪಕ್ಕ ಕೊಡೆಯ ಚಿತ್ರ ಒಂದು ನೇತು ಹಾಕುತ್ತೇವೆ. ಕೊಡೆ ಕಂಡರೆ ಬ್ಯಾಗ್ ಇಳಿಸುತ್ತಾನೆ.

ಮಾದಾಪುರದ ಅಮ್ಮ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇವತ್ತು ಬಿಆರ್‌ಸಿಗೆ ಹೋಗಿದ್ದೆ, ಸೀಲು ಹಾಕಿಸಿಕೊಂಡೇ ಬಂದೆ. ಅಲ್ಲಿನ ವಿಶೇಷ ಶಿಕ್ಷಕರು ಮುಂದಿನ ಗುರುವಾರ ಮನೆಗೆ ಬರುತ್ತಾರಂತೆ. ಸ್ವಸ್ಥಕ್ಕೆ ಶನಿವಾರ ಹೋಗುತ್ತೇವೆ. ಸಹಾಯಕಿ ಅಕ್ಕ ದುಡ್ಡಿನ ಮಾತೆತ್ತಿದ್ದಕ್ಕೆ ಬೈದರು, ಆಮೇಲೆ ಒಪ್ಪಿಕೊಂಡರು.

ಶೀಟಿನ ಶಬ್ದಕ್ಕೆ ಮಾತ್ರ ಏನೂ ಹೊಳೆಯುತ್ತಿಲ್ಲ. ಹತ್ತಿ ಇಟ್ಟರೆ ಕಿತ್ತು ಬಿಸಾಡುತ್ತಾನೆ.

ಬೆಟ್ಟದ ಮೇಲಿನವನು

ತೋಟದಲ್ಲಿ ಕಳೆ ಕೊಚ್ಚುವ ಮೆಷಿನ್ ಹಿಡಿಯುವವರು ಕಿವಿಗೆ ಹಾಕಿಕೊಳ್ಳುತ್ತಾರಲ್ಲ, ಹೆಡ್‌ಫೋನ್ ಥರದ್ದು, ಅದು. ಕುಶಾಲನಗರದಲ್ಲಿ ಮೆಷಿನ್ ಮಾರುವ ಅಂಗಡಿಯಲ್ಲಿ ಕೇಳಿ. ದೊಡ್ಡವರ ಸೈಜು, ನೆತ್ತಿಯ ಹತ್ತಿರ ಒಂದು ಕರ್ಚೀಫ್ ಮಡಚಿ ಸುತ್ತಿದರೆ ಮಕ್ಕಳಿಗೂ ನಿಲ್ಲುತ್ತದೆ. ಮಳೆ ಶುರುವಾಗುವ ಮುಂಚೆ ಮನೆಯಲ್ಲಿ ಮಿಕ್ಸಿ ಹಾಕಿದಾಗಲೆಲ್ಲ ಹಾಕಿಸಿ ಅಭ್ಯಾಸ ಮಾಡಿಸಿ. ಅಣ್ಣನ ಮಗಳು ಪುತ್ತರಿ ಹಬ್ಬಕ್ಕೆ ಕೋವಿ ಹೊಡೆಯುವಾಗ ತಾನೇ ಹುಡುಕಿಕೊಂಡು ಹಾಕಿಕೊಳ್ಳುತ್ತಾಳೆ.

ಮಾದಾಪುರದ ಅಮ್ಮ

ಅಯ್ಯೋ, ಅದು ನಮ್ಮ ಪಕ್ಕದ ಮನೆಯಲ್ಲೇ ಇದೆ! ಕೇಳಿ ತರ್ತೀನಿ.