ಬೇಸಿಗೆ ರಜೆಯ ಓದಿಗೆ ಆತ್ಮಕಥೆಗಳು: ಕ್ವಿಯರ್ ಬದುಕಿನ ಪುಸ್ತಕಗಳನ್ನು ಯಾವ ಕ್ರಮದಲ್ಲಿ ಓದೋದು?

ಓದುಕಟ್ಟೆ:

ಏಪ್ರಿಲ್ ಮಧ್ಯದಿಂದ ಮೇ ಕೊನೆವರೆಗೆ ಆರು ವಾರದ ಓದು. ಬಳಗದಲ್ಲಿ ಎಂಟು ಜನ, ಕಾಲೇಜು ಹುಡುಗರಿಂದ ನಿವೃತ್ತ ಮೇಷ್ಟರವರೆಗೆ. ವಾರಕ್ಕೆ 200 ಪುಟ ಎಲ್ಲರಿಗೂ ಆಗುತ್ತೆ. ಈ ಸಲ ಆತ್ಮಕಥೆ, ಜೀವನಕಥನ ಮಾತ್ರ, ಅದರಲ್ಲೂ ಟ್ರಾನ್ಸ್‌ಜೆಂಡರ್ ಮತ್ತು ಸಲಿಂಗಪ್ರೇಮಿಗಳ ಬದುಕಿನ ಪುಸ್ತಕಗಳು ಅಂತ ಮಾತಾಗಿದೆ. ಕನ್ನಡದಲ್ಲಿ ಸಿಗುವುದಕ್ಕೇ ಮೊದಲ ಆದ್ಯತೆ. ಯಾವುದರಿಂದ ಶುರು ಮಾಡಬೇಕು? ವಸುಧೇಂದ್ರರ ‘ಮೋಹನಸ್ವಾಮಿ’ಯನ್ನು ಈ ಪಟ್ಟಿಗೆ ಸೇರಿಸಬಹುದಾ? ಇನ್ನೊಂದು, “ಎಲ್ಲಾ ಪುಸ್ತಕದಲ್ಲೂ ಅದೇ ನೋವು, ಅದೇ ಹಿಂಸೆ” ಅಂತ ಒಂದಿಬ್ಬರು ಈಗಲೇ ಹಿಂಜರಿಯುತ್ತಿದ್ದಾರೆ. ಅವರಿಗೆ ಏನು ಹೇಳಲಿ?

ಅಚ್ಚುಮೊಳೆ:

ಹಿಜ್ರಾ ಸಮುದಾಯದ ಎ. ರೇವತಿಯವರ ಆತ್ಮಕಥೆ ‘ಬದುಕು ಬಯಲು’ದಿಂದ ಶುರು ಮಾಡಿ. ಅನುವಾದ ದು. ಸರಸ್ವತಿಯವರದು. ಇದನ್ನು ಮೊದಲು ಓದಿಕೊಂಡರೆ ಉಳಿದ ಪುಸ್ತಕಗಳಿಗೆ ಬೇಕಾದ ಶಬ್ದಗಳೆಲ್ಲ ಕೈಗೆ ಬರುತ್ತವೆ. ಗುರು, ಚೇಲಾ (ಶಿಷ್ಯೆ), ನಾನಿ (ಗುರುವಿನ ಗುರು), ಜಮಾತ್ (ಹಿಜ್ರಾ ಸಮುದಾಯದ ಕೂಟ), ಹಮಾಮು (ಹಿಜ್ರಾಗಳು ನಡೆಸುವ ಸ್ನಾನದ ಮನೆ), ನಿರ್ವಾಣ (ಗಂಡಿನ ಅಂಗ ತೆಗೆಸಿಕೊಳ್ಳುವುದು), ಅದಾದ ಮೇಲಿನ 40 ದಿನದ ಶಾಸ್ತ್ರ, ಎಲ್ಲವನ್ನೂ ಒಳಗಿದ್ದು ಕಂಡವರ ಕಣ್ಣಲ್ಲಿ ಓದುತ್ತೀರಿ. ನಾಮಕ್ಕಲ್ ಕಡೆಯ ಹಳ್ಳಿಯಿಂದ ಹೊರಟ ಕಥೆ ದೆಹಲಿ, ಮುಂಬೈ ಸುತ್ತಿ ಬೆಂಗಳೂರಿಗೆ ಬರುತ್ತದೆ. ಬೆಂಗಳೂರಿನ ಭಾಗ ಬಂದಾಗ ನಿಧಾನ ಮಾಡಿ. ಹಮಾಮಿನ ದುಡಿಮೆ, ಪೊಲೀಸರ ಕಾಟ, ಆಮೇಲೆ ಲೈಂಗಿಕ ಅಲ್ಪಸಂಖ್ಯಾತರ ಹಕ್ಕುಗಳ ‘ಸಂಗಮ’ ಸಂಸ್ಥೆಯ ಕೆಲಸ, ಎಲ್ಲ ನಮ್ಮೂರ ಬೀದಿಗಳಲ್ಲೇ ನಡೆದದ್ದು. ನಾಗರಿಕ ಹಕ್ಕುಗಳ ಸಂಘಟನೆ ಪಿಯುಸಿಎಲ್ ಕರ್ನಾಟಕ 2003ರಲ್ಲಿ ಟ್ರಾನ್ಸ್‌ಜೆಂಡರ್ ಸಮುದಾಯದ ಮೇಲಿನ ದೌರ್ಜನ್ಯಗಳ ಬಗ್ಗೆ ಒಂದು ಇಂಗ್ಲಿಷ್ ವರದಿ ತಂದಿತ್ತು. ಬೆಂಗಳೂರಿನ ಅಧ್ಯಾಯಗಳ ಪಕ್ಕದಲ್ಲಿ ಅದನ್ನಿಟ್ಟುಕೊಂಡು ಓದಿದರೆ ಒಬ್ಬರ ಅನುಭವದ ಹಿಂದೆ ಎಷ್ಟು ಜನರ ಅನುಭವ ಇದೆ ಅಂತ ತಿಳಿಯುತ್ತದೆ.

ಇಂಥ ಪುಸ್ತಕ ಕೈಗೆತ್ತಿಕೊಂಡಾಗ ಮೊದಲು ಒಳಪುಟ ನೋಡಿ. ‘ಅನುವಾದ’ ಅಂತಿದೆಯೋ, ‘ನಿರೂಪಣೆ’ ಅಂತಿದೆಯೋ? ನನ್ನ ಪ್ರಕಾರ ಈ ಓದಿನಲ್ಲಿ ಇದಕ್ಕಿಂತ ಮುಖ್ಯವಾದ ಪ್ರಶ್ನೆ ಇಲ್ಲ. ರೇವತಿ ತಾವೇ ತಮಿಳಲ್ಲಿ ಬರೆದರು. ಆದರೆ ಮೊದಲು ಅಚ್ಚಾದದ್ದು ವ. ಗೀತಾ ಮಾಡಿದ ಇಂಗ್ಲಿಷ್ ಅನುವಾದ, 2010ರಲ್ಲಿ. ತಮಿಳು ಪುಸ್ತಕ ಆಮೇಲೆ ಬಂತು. ಲಿವಿಂಗ್ ಸ್ಮೈಲ್ ವಿದ್ಯಾ ಕೂಡ ತಮಿಳಲ್ಲಿ ತಾವೇ ಬರೆದವರು. ತಮಿಳ್ ಸೆಲ್ವಿ ಅದನ್ನು ‘ನಾನು ಅವನಲ್ಲ ಅವಳು’ ಅಂತ ಕನ್ನಡಕ್ಕೆ ತಂದರು. ಮಂಜಮ್ಮ ಜೋಗತಿಯವರ ‘ನಡುವೆ ಸುಳಿವ ಹೆಣ್ಣು’ ಹಾಗಲ್ಲ. ಅವರು ಹೇಳಿದ್ದನ್ನು ಅರುಣ್ ಜೋಳದಕೂಡ್ಲಿಗಿ ನಿರೂಪಿಸಿದ್ದು.

ನಿರೂಪಣೆ ಅಂದ ಮಾತ್ರಕ್ಕೆ ಕಡಿಮೆ ಅಂತಲ್ಲ. ಬಿ. ವಿ. ಕಾರಂತರ ‘ಇಲ್ಲಿರಲಾರೆ ಅಲ್ಲಿಗೆ ಹೋಗಲಾರೆ’ ವೈದೇಹಿಯವರ ನಿರೂಪಣೆ. ಅನಂತಮೂರ್ತಿಯವರ ‘ಸುರಗಿ’ಯನ್ನು ಬರೆದುಕೊಂಡವರು ಜ. ನಾ. ತೇಜಶ್ರೀ. ಆದರೆ ಅನಂತಮೂರ್ತಿಯವರದೇ ಬೇರೆ ಬರಹ ಬೇಕಾದಷ್ಟಿದೆ, ಅವರ ದನಿ ಯಾವುದು ಅಂತ ಹೋಲಿಸಿ ನೋಡಬಹುದು. ಬದುಕಲ್ಲಿ ಒಂದೇ ಪುಸ್ತಕ ಹೇಳಿಸಿದವರಿಗೆ ಆ ಅನುಕೂಲ ಇಲ್ಲ. ಅದಕ್ಕೇ ಒಂದು ಉಪಾಯ: ಅನುಮಾನ ಬಂದ ಪುಟವನ್ನು ಬಳಗದಲ್ಲಿ ಗಟ್ಟಿಯಾಗಿ ಓದಿ. ವಾಕ್ಯ ನಾಲಿಗೆಗೆ ಸಲೀಸಾಗಿ ಹತ್ತಿದರೆ ಬಹುಮಟ್ಟಿಗೆ ಹೇಳಿದವರದು. ಉಸಿರು ಸಿಕ್ಕಿಕೊಂಡು “ಆದ್ದರಿಂದ”, “ಹೀಗಾಗಿ” ಅಂತ ಲೇಖನದ ನಡಿಗೆ ಬಂದರೆ ಅಲ್ಲಿ ನಿರೂಪಕರ ಕೈ ಇರಬಹುದು. ಪೆನ್ಸಿಲಿನಲ್ಲಿ ಗುರುತು ಮಾಡಿಕೊಳ್ಳಿ, ಒಳ್ಳೆ ಚರ್ಚೆಗೆ ಅಷ್ಟು ಸಾಕು.

ಹುಲಿಗಿ ದಾರಿ:

ಅಚ್ಚುಮೊಳೆ ಅವರೇ, ಒಂದು ಮಾತು ಸೇರಿಸಲೇಬೇಕು. ‘ಬದುಕು ಬಯಲು’ ಓದಿ ಕಲಿತ ಶಬ್ದಗಳನ್ನೇ ಹಿಡಕೊಂಡು ಮಂಜಮ್ಮನವರ ಪುಸ್ತಕಕ್ಕೆ ಹೋದರೆ ಮೊದಲ ಐವತ್ತು ಪುಟದೊಳಗೇ ದಾರಿ ತಪ್ಪುತ್ತೀರಿ. ಹಿಜ್ರಾ ಜಮಾತ್ ಬೇರೆ, ದೇವಿಗೆ ಅರ್ಪಿಸಿಕೊಂಡವರ ಜೋಗಪ್ಪ ಪರಂಪರೆ ಬೇರೆ. ಇಲ್ಲಿ ಕಟ್ಟಿಸಿಕೊಳ್ಳುವುದು ಮುತ್ತು (ದೇವಿಗೆ ಸೇರಿದ ಗುರುತಿನ ಮಣಿಸರ), ದೇವರು ಎಲ್ಲಮ್ಮ ಇಲ್ಲವೇ ಹುಲಿಗೆಮ್ಮ. ನಿರ್ವಾಣ ಕಡ್ಡಾಯ ಅಲ್ಲ. ತಲೆ ಮೇಲೆ ಕೊಡ, ಕೈಯಲ್ಲಿ ಚೌಡಿಕೆ ವಾದ್ಯ, ಬಾಯಲ್ಲಿ ಎಲ್ಲಮ್ಮನ ಕಥೆ. ಊರ ಜನ ಕಾಲಿಗೆ ಬೀಳುತ್ತಾರೆ, ಮನೆಯೊಳಗೆ ಮಾತ್ರ ಕರೆಯುವುದಿಲ್ಲ. ಆ ಎರಡೂ ಒಟ್ಟಿಗೆ ಇರುವ ಬಾಳು ಅದು. ಎರಡನ್ನೂ “ಮಂಗಳಮುಖಿ” ಅನ್ನುವ ಒಂದೇ ಮಾತಿನಲ್ಲಿ ಸುತ್ತಿಬಿಟ್ಟರೆ ಪುಸ್ತಕದ ಅರ್ಧ ಹೋಯಿತು.

‘ನಡುವೆ ಸುಳಿವ ಹೆಣ್ಣು’ ಅನ್ನುವ ಹೆಸರಿನ ಹಿಂದೆ ಜೇಡರ ದಾಸಿಮಯ್ಯನ ವಚನ ಇದೆ: “ನಡುವೆ ಸುಳಿವ ಆತ್ಮನು ಹೆಣ್ಣೂ ಅಲ್ಲ ಗಂಡೂ ಅಲ್ಲ.” ದಾಸಿಮಯ್ಯ ಆತ್ಮ ಅಂದ ಕಡೆ ಪುಸ್ತಕ ಹೆಣ್ಣು ಅನ್ನುತ್ತದೆ. ಬಳಗದಲ್ಲಿ ಮೊದಲು ವಚನ ಓದಿ, ಆಮೇಲೆ ಈ ಬದಲಾವಣೆ ಯಾಕೆ ಅಂತ ಕೇಳಿ. ಮಂಜಮ್ಮನವರನ್ನು ಹೆಚ್ಚಿನವರು ನೋಡಿರುವುದು 2021ರ ನವೆಂಬರಿನ ವಿಡಿಯೋದಲ್ಲಿ, ಪದ್ಮಶ್ರೀ ತೆಗೆದುಕೊಳ್ಳುವ ಮುಂಚೆ ಸೆರಗು ಹಿಡಿದು ರಾಷ್ಟ್ರಪತಿಗಳಿಗೆ ದೃಷ್ಟಿ ತೆಗೆದದ್ದು. ಪುಸ್ತಕ ಓದಿದ ಮೇಲೆ ಅದನ್ನು ಮತ್ತೆ ನೋಡಿ. ದಾವಣಗೆರೆಯಲ್ಲಿ ಇಡ್ಲಿ ಮಾರಿದ, ಕಾಳವ್ವ ಜೋಗತಿಯ ಹತ್ತಿರ ಕುಣಿತ ಕಲಿತ ಕೈ ಅದು. ಹರಸುವ ಹಕ್ಕು ತನಗಿದೆ ಅಂತ ಗೊತ್ತಿರುವ ಕೈ.

“ಎಲ್ಲಾ ಅದೇ ನೋವು” ಅನ್ನುವವರಿಗೂ ಇದನ್ನೇ ಕೊಡಿ. ಇದರಲ್ಲಿ ನೋವು ಕಡಿಮೆ ಇಲ್ಲ, ವಿಷ ಕುಡಿದ ಪ್ರಸಂಗವೂ ಇದೆ. ಆದರೆ ಒಂದು ಕಲೆಯನ್ನು ಮೈಗೂಡಿಸಿಕೊಂಡು, ತಂಡ ಕಟ್ಟಿ, ಜಾನಪದ ಅಕಾಡೆಮಿಯ ಅಧ್ಯಕ್ಷೆ ಆದವರ ಕಥೆಯೂ ಅದೇ. ವಿಷದ ಪ್ರಸಂಗ ಇರುವ ವಾರ ಬಳಗಕ್ಕೆ ಮುಂಚೆಯೇ ತಿಳಿಸಿಬಿಡಿ, ಕಾಲೇಜು ಹುಡುಗರಿದ್ದಾರೆ ಅಂದಿರಿ.

ಮಾರ್ಜಿನ್ ಟಿಪ್ಪಣಿ:

‘ಮೋಹನಸ್ವಾಮಿ’ ಓದಿ, ಖಂಡಿತ ಓದಿ, ಆದರೆ ಆತ್ಮಕಥೆ ಅಂತ ಓದಬೇಡಿ. ಅದು ಕಥಾಸಂಕಲನ. ಬಳಗಗಳು ಇದರಲ್ಲಿ ಎಡವುವುದು ಒಂದೇ ಕಡೆ: “ಇದು ನಿಜವಾಗಿ ನಡೆದದ್ದಾ?” ಅಂತ ಲೇಖಕರ ಬದುಕನ್ನು ಕೆದಕಲು ಹೊರಡುತ್ತವೆ. ಆಮೇಲೆ ಕಥೆಯ ಕಟ್ಟೋಣದ ಬಗ್ಗೆ ಮಾತೇ ಬರುವುದಿಲ್ಲ. ಸಭೆ ಶುರುವಾಗುವಾಗಲೇ ಆ ಪ್ರಶ್ನೆ ಬೇಡ ಅಂತ ಹೇಳಿಬಿಡಿ.

ಇಸವಿ ಮಾತ್ರ ಗಮನಿಸಿ. ‘ಮೋಹನಸ್ವಾಮಿ’ ಬಂದದ್ದು 2013ರಲ್ಲಿ. ಅದೇ ವರ್ಷ ಡಿಸೆಂಬರ್ 11ಕ್ಕೆ ಸುಪ್ರೀಂ ಕೋರ್ಟು ಸಲಿಂಗ ಸಂಬಂಧವನ್ನು ಅಪರಾಧ ಅನ್ನುತ್ತಿದ್ದ 377ನೇ ಕಲಮನ್ನು ಮತ್ತೆ ಎತ್ತಿಹಿಡಿಯಿತು. ವಯಸ್ಕರ ಸಮ್ಮತಿಯ ಸಂಬಂಧ ಅಪರಾಧ ಅಲ್ಲ ಅಂತಾದದ್ದು 2018ರ ಸೆಪ್ಟೆಂಬರ್ 6ಕ್ಕೆ. ಲಿಂಗ ಗುರುತನ್ನು ಅವರವರೇ ಹೇಳಿಕೊಳ್ಳುವ ಹಕ್ಕು ಬಂದದ್ದು 2014ರ ಏಪ್ರಿಲ್ 15ಕ್ಕೆ ಸುಪ್ರೀಂ ಕೋರ್ಟು ಕೊಟ್ಟ ನಾಲ್ಸಾ ತೀರ್ಪಿನಲ್ಲಿ. ರೇವತಿ, ವಿದ್ಯಾ ಇಬ್ಬರೂ ಬರೆದದ್ದು ಅದಕ್ಕಿಂತ ಮುಂಚೆ. ದಾಖಲೆಯಲ್ಲಿ ಹೆಸರು ಬದಲಿಸಲು ಅವರು ಕಚೇರಿಯಿಂದ ಕಚೇರಿಗೆ ಅಲೆಯುವ ಭಾಗಗಳು ಇಂದಿನ ಓದುಗರಿಗೆ ಎಳೆದಂತೆ ಕಾಣಬಹುದು. ಈ ಇಸವಿಗಳನ್ನು ಒಂದು ಚೀಟಿಯಲ್ಲಿ ಬರೆದು ಪುಸ್ತಕದೊಳಗೆ ಇಟ್ಟುಕೊಂಡರೆ ಹಾಗನ್ನಿಸುವುದಿಲ್ಲ.

ನಡುವೆ ಬೇರೆ ತರಹದ್ದು ಒಂದು ಬೇಕು ಅಂದರೆ ವಿಜಯಾ ಅವರ ‘ಕುದಿ ಎಸರು’. 2019ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದ ಪುಸ್ತಕ. ಕ್ವಿಯರ್ ಬರಹ ಅಲ್ಲ, ಆದರೆ ಮನೆ ಅನ್ನುವುದೇ ಹಿಂಸೆಯ ಜಾಗ ಆಗುವುದು ಹೇಗೆ ಅಂತ ಇಷ್ಟು ನೇರವಾಗಿ ಹೇಳಿದ ಆತ್ಮಕಥೆ ಕಡಿಮೆ. ರೇವತಿಯವರ ಅಣ್ಣಂದಿರು ಹೊಡೆಯುವ ಪುಟಗಳ ಜೊತೆ ಇದನ್ನಿಟ್ಟು ನೋಡಿ. ಇದಾದ ವಾರ ಸ್ವಲ್ಪ ಹಗುರ ಬೇಕೆನಿಸಿದರೆ ತೇಜಸ್ವಿಯವರ ‘ಅಣ್ಣನ ನೆನಪು’.

ಓದುಕಟ್ಟೆ:

ತುಂಬಾ ಉಪಕಾರವಾಯಿತು. ಇನ್ನೆರಡು ಸಂದೇಹ. ‘ನಾನು ಅವನಲ್ಲ ಅವಳು’ ಸಿನಿಮಾ ಮೊದಲು ನೋಡಿ ಪುಸ್ತಕಕ್ಕೆ ಹೋದರೆ ಹುಡುಗರಿಗೆ ಸುಲಭ ಆಗುತ್ತಾ? ಮತ್ತೆ, ಹೆಣ್ಣಾಗಿ ಹುಟ್ಟಿ ಗಂಡಾಗಿ ಬದುಕುವವರ ಬಗ್ಗೆ ಏನಾದರೂ ಇದೆಯಾ?

ಅಚ್ಚುಮೊಳೆ:

ಸಿನಿಮಾ ಆಮೇಲೆ. ಸಂಚಾರಿ ವಿಜಯ್ ಅವರಿಗೆ ರಾಷ್ಟ್ರಪ್ರಶಸ್ತಿ ತಂದ ಪಾತ್ರ, ಅಷ್ಟು ಗಾಢವಾಗಿದೆ. ಮೊದಲೇ ನೋಡಿದರೆ ಓದುವಾಗ ಉದ್ದಕ್ಕೂ ಅವರ ಮುಖವೇ ಕಣ್ಮುಂದೆ ನಿಲ್ಲುತ್ತದೆ, ವಿದ್ಯಾ ಹಿಂದಕ್ಕೆ ಸರಿಯುತ್ತಾರೆ. ಪುಸ್ತಕ ಮುಗಿದ ವಾರ ಸಿನಿಮಾ ಹಾಕಿ, ಯಾವ ಪ್ರಸಂಗ ಬಿಟ್ಟಿದ್ದಾರೆ, ಯಾವುದನ್ನು ಹಿಂದೆಮುಂದೆ ಮಾಡಿದ್ದಾರೆ ಅಂತ ನೋಡಿ.

ಎರಡನೆಯದಕ್ಕೆ ರೇವತಿಯವರದೇ ಎರಡನೇ ಪುಸ್ತಕ ಇದೆ, ನಂದಿನಿ ಮುರಳಿಯವರಿಗೆ ಹೇಳಿ ಬರೆಸಿದ ‘ಎ ಲೈಫ್ ಇನ್ ಟ್ರಾನ್ಸ್ ಆಕ್ಟಿವಿಸಂ’, ಜುಬಾನ್ ಪ್ರಕಾಶನ, 2016. ಅದರಲ್ಲಿ ಟ್ರಾನ್ಸ್ ಗಂಡಸರ ಬದುಕಿನ ಕಥನಗಳಿವೆ. ಇಂಗ್ಲಿಷ್ ಪುಸ್ತಕ ಆದ್ದರಿಂದ ಎಲ್ಲರಿಗೂ ಪೂರ್ತಿ ಓದಿ ಅನ್ನಬೇಡಿ. ಒಂದೊಂದು ಕಥನವನ್ನು ಇಬ್ಬಿಬ್ಬರಿಗೆ ಹಂಚಿ, ಓದಿ ಬಂದು ಹತ್ತು ನಿಮಿಷ ಕನ್ನಡದಲ್ಲಿ ಹೇಳಲಿ. ಹಾಗೆ ಹೇಳುವಾಗ “ಅವನು”, “ಇವನು” ಅಂತ ಸರಿಯಾಗಿ ಬರಲಿ. ಇಂಗ್ಲಿಷಿನಿಂದ ಬಾಯಲ್ಲೇ ಕನ್ನಡ ಮಾಡಿಕೊಳ್ಳುವಾಗ ಮೊದಲು ತಪ್ಪುವುದು ಅದೇ. ‘ಅವರು’ ಅನ್ನುವ ಬಹುವಚನ ಇದ್ದೇ ಇದೆಯಲ್ಲ ಅನ್ನಬಹುದು, ಆದರೆ ಗಂಡಸು ಅಂತ ಕರೆಸಿಕೊಳ್ಳಲು ಇಡೀ ಬದುಕನ್ನೇ ಪಣಕ್ಕಿಟ್ಟವರಿಗೆ ‘ಅವನು’ ಅನ್ನುವ ಮಾತಿಗೆ ಬೇರೆಯೇ ತೂಕ ಇರುತ್ತದೆ. ಅಕ್ಕೈ ಪದ್ಮಶಾಲಿಯವರ ಇಂಗ್ಲಿಷ್ ಆತ್ಮಕಥೆ ಕೂಡ ಜುಬಾನ್‌ನದೇ, 2022ರದು, ಗೌರಿ ವಿಜಯಕುಮಾರ್ ಅವರಿಗೆ ಹೇಳಿ ಬರೆಸಿದ್ದು. ಬೆಂಗಳೂರಿನ ಹೋರಾಟದ ಮುಂದಿನ ಭಾಗ ಬೇಕು ಅನ್ನುವವರು ಅದನ್ನು ಜೂನ್‌ಗೆ ಇಟ್ಟುಕೊಳ್ಳಲಿ.

ಹುಲಿಗಿ ದಾರಿ:

ಪುಸ್ತಕ ಎಂಟೂ ಪ್ರತಿ ಕೊಳ್ಳಬೇಕಿಲ್ಲ, ಮೂರು ಇದ್ದರೆ ಸರದಿ ಮೇಲೆ ನಡೆಯುತ್ತೆ. ಆದರೆ ಮಾರ್ಚಿನಲ್ಲೇ ವಿಚಾರಿಸಿ. ಕನ್ನಡದಲ್ಲಿ ಇಂಥ ಪುಸ್ತಕಗಳ ಪ್ರತಿ ಮುಗಿದರೆ ಮರುಮುದ್ರಣಕ್ಕೆ ತಿಂಗಳುಗಟ್ಟಲೆ ಕಾಯಬೇಕಾಗುತ್ತದೆ. ಅಂಗಡಿಯಲ್ಲಿ ಇಲ್ಲ ಅಂದರೆ ಪ್ರಕಾಶಕರಿಗೇ ನೇರ ಫೋನ್ ಮಾಡಿ, ಎರಡು ಮೂರು ಪ್ರತಿ ಅವರ ಹತ್ತಿರ ಉಳಿದಿರುತ್ತವೆ.