ಅನ್ನ, ಬೇಳೆ, ಸಾರು: ಆಹಾರ ತಜ್ಞೆಯೊಂದಿಗೆ ಪ್ರಶ್ನೋತ್ತರ

ನಿರ್ವಾಹಕರು: ಜಿಲ್ಲಾ ಆಸ್ಪತ್ರೆಯೊಂದರ ಆಹಾರ ತಜ್ಞೆ ಇಂದು ಸಂಜೆ ನಮ್ಮ ಗುಂಪಿನಲ್ಲಿದ್ದಾರೆ. ದಿನದ ಊಟದ ಬಗ್ಗೆ ಕೇಳಿ. ದಯವಿಟ್ಟು ಫಾರ್ವರ್ಡ್ ವಿಡಿಯೋಗಳನ್ನು ಹಾಕಬೇಡಿ.

ತುಮಕೂರಿನ ಸದಸ್ಯರು: ಮೇಡಂ, ಬೇಳೆ ಬೇಯುವಾಗ ಉಕ್ಕುವ ನೊರೆಯೇ ಯೂರಿಕ್ ಆಮ್ಲ, ಅದನ್ನು ತೆಗೆಯದಿದ್ದರೆ ಕೀಲುನೋವು ಬರುತ್ತದೆ ಎನ್ನುತ್ತಾರೆ. ನಿಜವೇ?

ತಜ್ಞೆ: ನಿಜವಲ್ಲ. ಆ ನೊರೆ ಬೇಳೆಯಲ್ಲಿರುವ ಸಪೋನಿನ್ ಎಂಬ ನೊರೆ ಬರಿಸುವ ಅಂಶ ಮತ್ತು ಪ್ರೋಟೀನ್‌ನಿಂದ ಬರುತ್ತದೆ. ಯೂರಿಕ್ ಆಮ್ಲ ಉಂಟಾಗುವುದು ನಮ್ಮ ದೇಹದೊಳಗೆ, ಪಾತ್ರೆಯಲ್ಲಿ ಅಲ್ಲ. ನೊರೆ ತೆಗೆದರೂ ಸರಿ, ಬಿಟ್ಟರೂ ಸರಿ.

ಧಾರವಾಡದ ಸದಸ್ಯೆ: ಸಸ್ಯಾಹಾರಿಗಳಿಗೆ ಅನ್ನ-ಬೇಳೆಯಿಂದ ಸಾಕಷ್ಟು ಪ್ರೋಟೀನ್ ಸಿಗುತ್ತದೆಯೇ?

ತಜ್ಞೆ: ಪ್ರೋಟೀನ್ ಕಟ್ಟುವ ಅಂಶಗಳ ಪೈಕಿ ಅಕ್ಕಿಯಲ್ಲಿ ಲೈಸಿನ್ ಕಡಿಮೆ, ಬೇಳೆಯಲ್ಲಿ ಮೆಥಿಯೊನಿನ್ ಕಡಿಮೆ. ಎರಡೂ ಸೇರಿದರೆ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಆದರೆ ಪ್ರಮಾಣ ಮುಖ್ಯ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರ ಮಾರ್ಗಸೂಚಿಯಲ್ಲಿ ಧಾನ್ಯ ಮೂರು ಪಾಲು, ಬೇಳೆಕಾಳು ಒಂದು ಪಾಲು ಇರಲಿ ಎಂದಿದೆ. ನಮ್ಮ ತಟ್ಟೆಯಲ್ಲಿ ಇರುವುದು ರಾಶಿ ಅನ್ನ, ಅದರ ಮೇಲೆ ತಿಳಿಸಾರು. ಆ ಸಾರಿನಲ್ಲಿ ಬೇಳೆಯನ್ನು ಹುಡುಕಬೇಕು. ಗಟ್ಟಿ ತೊವ್ವೆ, ಹುಳಿ, ಕಾಳಿನ ಪಲ್ಯ ದಿನಕ್ಕೊಂದಾದರೂ ಇರಲಿ.

ದಾವಣಗೆರೆಯ ಸದಸ್ಯೆ: ಮೇಡಂ, ನನ್ನ ಮಗಳಿಗೆ ಎಂಟು ತಿಂಗಳು ತುಂಬಿದೆ. ಎದೆಹಾಲಿನ ಜೊತೆಗೆ ದಿನಕ್ಕೆ ಎರಡು ಸಲ ಬೇಳೆ ಕಟ್ಟು, ಒಂದು ಸಲ ಅನ್ನದ ಗಂಜಿಯ ತಿಳಿ ಕೊಡುತ್ತಿದ್ದೇವೆ. ಬೇಳೆ ಕೊಟ್ಟರೆ ವಾಯುವಾಗುತ್ತದೆ ಎಂದು ಅತ್ತೆಯವರು ಸೋಸಿಯೇ ಕೊಡುತ್ತಾರೆ. ಆರು ತಿಂಗಳಲ್ಲಿ 6 ಕೆ.ಜಿ. ಇದ್ದಳು, ಈಗ 6.1. ಮೊದಲಿನಷ್ಟು ಆಡುವುದೂ ಇಲ್ಲ. ಯಾವ ಟಾನಿಕ್ ಕೊಡಬಹುದು?

ತಜ್ಞೆ: ತಾಯಿ, ಟಾನಿಕ್ ವಿಷಯ ಆಮೇಲೆ. ಎರಡು ತಿಂಗಳಲ್ಲಿ ನೂರು ಗ್ರಾಂ ಮಾತ್ರ ಏರಿರುವುದು ನನಗೆ ಚಿಂತೆ ತಂದಿದೆ. ಈ ವಯಸ್ಸಿನ ಹೆಣ್ಣು ಮಗುವಿನ ಸರಾಸರಿ ತೂಕ ಸುಮಾರು 7.9 ಕೆ.ಜಿ. 6.3ಕ್ಕಿಂತ ಕೆಳಗಿದ್ದರೆ ಕಡಿಮೆ ತೂಕವೆಂದೇ ಲೆಕ್ಕ. ನಾಳೆ ಬೆಳಿಗ್ಗೆ ತಾಯಿ ಕಾರ್ಡ್ ಹಿಡಿದು ಅಂಗನವಾಡಿಗೆ ಹೋಗಿ, ತೋಳಿನ ಸುತ್ತಳತೆ ನೋಡಲು ಹೇಳಿ. 11.5 ಸೆಂ.ಮೀ.ಗಿಂತ ಕಡಿಮೆ ಬಂದರೆ, ಅಥವಾ ಎರಡೂ ಪಾದಗಳಲ್ಲಿ ಊತ ಕಂಡರೆ ಅಂದೇ ಆಸ್ಪತ್ರೆಗೆ ಹೋಗಬೇಕು. ಅಳತೆ ಸರಿಯಿದ್ದರೂ ಈ ವಾರದೊಳಗೆ ಮಕ್ಕಳ ವೈದ್ಯರಿಗೆ ತೋರಿಸಿ. ತೂಕ ನಿಲ್ಲಲು ಊಟವೊಂದೇ ಕಾರಣವಲ್ಲ, ಮೂತ್ರದ ಸೋಂಕಿನಂಥದ್ದೂ ಇರಬಹುದು.

ಇನ್ನು ಊಟ. ಬೇಳೆ ಕಟ್ಟಿನಲ್ಲಿ ಹೆಚ್ಚಿನದು ನೀರು. ಪ್ರೋಟೀನ್, ಕಬ್ಬಿಣ, ಶಕ್ತಿಯೆಲ್ಲ ತಳದ ಬೇಳೆಯಲ್ಲೇ ಉಳಿಯುತ್ತದೆ; ಅದನ್ನು ದೊಡ್ಡವರು ಉಣ್ಣುತ್ತಾರೆ, ಮಗುವಿಗೆ ಬಣ್ಣದ ನೀರು ಸಿಗುತ್ತದೆ. ಮಗುವಿನ ಹೊಟ್ಟೆ ಚಿಕ್ಕದು. ಅದು ನೀರಿನಿಂದ ತುಂಬಿದರೆ ಎದೆಹಾಲೂ ಕಡಿಮೆ ಕುಡಿಯುತ್ತದೆ.

ಎರಡು ಪಾಲು ಅಕ್ಕಿ, ಒಂದು ಪಾಲು ಹೆಸರುಬೇಳೆ ಮೆತ್ತಗೆ ಬೇಯಿಸಿ, ಸೋಸದೆ ಕಿವುಚಿ. ಚಮಚ ಓರೆ ಮಾಡಿದರೆ ತಟ್ಟನೆ ಸುರಿಯದಷ್ಟು ಗಟ್ಟಿಯಿರಲಿ. ಮೇಲೆ ಒಂದು ಚಿಕ್ಕ ಚಮಚ ತುಪ್ಪ. ಬೇಯಿಸಿದ ಕುಂಬಳಕಾಯಿ, ಕ್ಯಾರೆಟ್, ಸೊಪ್ಪು ಒಂದೊಂದಾಗಿ ಸೇರಿಸಿ. ಮನೆಯಲ್ಲಿ ಮೊಟ್ಟೆ ತಿನ್ನುವುದಾದರೆ ಚೆನ್ನಾಗಿ ಬೇಯಿಸಿ ಕೊಡಿ. ಉಪ್ಪು, ಸಕ್ಕರೆ ಬೇಡ. ದಿನಕ್ಕೆ ಮೂರು ಸಲ, ಒಂಬತ್ತು ತುಂಬಿದ ಮೇಲೆ ಮೂರು-ನಾಲ್ಕು ಸಲ. ಎದೆಹಾಲು ನಿಲ್ಲಿಸಬೇಡಿ. ಆರು ತಿಂಗಳ ನಂತರ ಎದೆಹಾಲಿನಿಂದ ಮಾತ್ರ ಬೇಕಾದಷ್ಟು ಕಬ್ಬಿಣ ಸಿಗುವುದಿಲ್ಲ. ಕಬ್ಬಿಣದ ಸಿರಪ್ ಬಗ್ಗೆ ಆಶಾ ಕಾರ್ಯಕರ್ತೆಯನ್ನು ಕೇಳಿ.

ಅತ್ತೆಯವರಿಗೆ ಇದನ್ನು ಓದಿ ಹೇಳಿ. ಅವರು ಪ್ರೀತಿಯಿಂದಲೇ ಸೋಸುತ್ತಿದ್ದಾರೆ, ಗೊತ್ತು. ಹೆಸರುಬೇಳೆ ಚೆನ್ನಾಗಿ ಬೆಂದಿದ್ದರೆ ಈ ವಯಸ್ಸಿನ ಮಗುವಿಗೆ ಜೀರ್ಣವಾಗುತ್ತದೆ.

ಹಾಸನದ ಹಿರಿಯ ಸದಸ್ಯೆ: ನಾವು ನಾಲ್ಕು ಮಕ್ಕಳನ್ನು ಕಟ್ಟಿನಲ್ಲೇ ಬೆಳೆಸಿದೆವು. ಎಲ್ಲರೂ ಗಟ್ಟಿಮುಟ್ಟಾಗಿದ್ದಾರೆ. ಬಜೆ ತೇಯ್ದು ಜೇನುತುಪ್ಪದಲ್ಲಿ ನೆಕ್ಕಿಸಲಿ, ಹಸಿವು ಹೆಚ್ಚುತ್ತದೆ.

ತಜ್ಞೆ: ಅಮ್ಮಾ, ದಯವಿಟ್ಟು ಬೇಡ. ಒಂದು ವರ್ಷ ತುಂಬುವ ಮುನ್ನ ಜೇನುತುಪ್ಪ ಕೊಡಲೇಬಾರದು. ಅದರಲ್ಲಿರಬಹುದಾದ ಬ್ಯಾಕ್ಟೀರಿಯಾ ಶಿಶುವಿನ ಕರುಳಿನಲ್ಲಿ ಬೆಳೆದು ಬಾಟ್ಯುಲಿಸಂ ಎಂಬ ಅಪಾಯಕಾರಿ ಕಾಯಿಲೆ ಉಂಟುಮಾಡಬಹುದು, ಉಸಿರಾಟಕ್ಕೇ ತೊಂದರೆಯಾಗುತ್ತದೆ. ಈ ಮಗುವಿನ ತೂಕ ನಿಂತುಹೋಗಿದೆ. ಮನೆಮದ್ದು ಪರೀಕ್ಷಿಸುವ ಹೊತ್ತು ಇದಲ್ಲ.

ಹಾಸನದ ಹಿರಿಯ ಸದಸ್ಯೆ: ನಿಮ್ಮ ಪುಸ್ತಕ ಬರುವ ಮೊದಲೂ ಮಕ್ಕಳು ಬದುಕಿದ್ದವು.

ಶಿವಮೊಗ್ಗದ ಸದಸ್ಯೆ: ಬದುಕದ ಮಕ್ಕಳ ವಿಷಯ ಯಾರೂ ಹೇಳುವುದಿಲ್ಲ ಅಕ್ಕ. ನಮ್ಮ ಅಜ್ಜಿ ಹೆತ್ತ ಏಳರಲ್ಲಿ ಮೂರು ಹೋದವು.

ಮಂಡ್ಯದ ಸದಸ್ಯರು: ನೊರೆ ತೆಗೆಯಬೇಕೇ ಮೇಡಂ?

ತಜ್ಞೆ: ಮೇಲೆ ಉತ್ತರವಿದೆ.

ಮೈಸೂರಿನ ಸದಸ್ಯರು: ಸಕ್ಕರೆ ಕಾಯಿಲೆಯವರು ಗಂಜಿ ಬಸಿದ ಅನ್ನವನ್ನು ಎಷ್ಟು ಬೇಕಾದರೂ ಉಣ್ಣಬಹುದಂತೆ?

ತಜ್ಞೆ: ಇಲ್ಲ. ಬಸಿದರೂ ಅದು ಅನ್ನವೇ. ಗಂಜಿಯನ್ನು ಚೆಲ್ಲಿದರೆ ಬಿ ಜೀವಸತ್ವಗಳೂ ಹೋಗುತ್ತವೆ. ಅನ್ನ ಕಡಿಮೆ, ಬೇಳೆ-ತರಕಾರಿ ಹೆಚ್ಚು.

ಮಂಗಳೂರಿನ ಸದಸ್ಯರು: ಅದಕ್ಕೇ ಕುಚ್ಚಲಕ್ಕಿ ಉಣ್ಣಿ ಎನ್ನುವುದು. ನಿಮ್ಮ ಸೋನಾ ಮಸೂರಿಯಲ್ಲಿ ಏನಿದೆ?

ಮಂಡ್ಯದ ಸದಸ್ಯರು: ಭತ್ತ ಬೆಳೆಯುವವರಿಗೆ ಪಾಠವೇ? ನಿಮ್ಮ ಕುಚ್ಚಲಕ್ಕಿ ಬೇಯಲು ಅರ್ಧ ದಿನ ಬೇಕು.

ಮಂಗಳೂರಿನ ಸದಸ್ಯರು: ಬೇಯಿಸುವ ತಾಳ್ಮೆ ಇಲ್ಲದವರು ಮಾತ್ರೆ ನುಂಗಲಿ.

ಕಲಬುರಗಿಯ ಸದಸ್ಯೆ: ಅಕ್ಕಿಗಾಗಿ ಜಗಳವೇಕೆ? ಜೋಳದ ರೊಟ್ಟಿಯ ಜೊತೆ ನಮ್ಮ ತೊಗರಿಬೇಳೆ ತಿನ್ನಿ. 2019ರಲ್ಲಿ ಅದಕ್ಕೆ ಭೌಗೋಳಿಕ ಸೂಚಕ (ಜಿಐ) ಮಾನ್ಯತೆ ಸಿಕ್ಕಿದೆ.

ತಜ್ಞೆ: ಭತ್ತವನ್ನು ಕುಚ್ಚುವಾಗ ಹೊಟ್ಟಿನಂಚಿನ ಥಯಾಮಿನ್ (ಬಿ1 ಜೀವಸತ್ವ) ಒಂದಿಷ್ಟು ಕಾಳಿನೊಳಗೆ ಇಳಿಯುತ್ತದೆ. ಅಷ್ಟು ಲಾಭ ಇದೆ. ಜಗಳವನ್ನು ಬೇರೆ ಕಡೆ ಮುಂದುವರಿಸಿ.

ಬಳ್ಳಾರಿಯ ಸದಸ್ಯರು: ತಂದೆಯವರಿಗೆ ವಾರಕ್ಕೆ ಮೂರು ಡಯಾಲಿಸಿಸ್. ಬೇಳೆಯನ್ನು ಪೂರ್ತಿ ಬಿಟ್ಟರೆ ಕಿಡ್ನಿ ಸರಿಹೋಗುತ್ತದೆ ಎಂಬ ವಿಡಿಯೋ ನೋಡಿ ಒಂದು ತಿಂಗಳಿಂದ ಬಿಟ್ಟಿದ್ದಾರೆ.

ತಜ್ಞೆ: ಆ ವಿಡಿಯೋ ಅಳಿಸಿ. ಡಯಾಲಿಸಿಸ್ ಆರಂಭವಾದ ಮೇಲೆ ಪ್ರೋಟೀನ್ ಅಗತ್ಯ ಹೆಚ್ಚುತ್ತದೆ, ಕಡಿಮೆಯಾಗುವುದಿಲ್ಲ. ಪೊಟ್ಯಾಸಿಯಂ, ರಂಜಕ ನೋಡಿಕೊಂಡು ಎಷ್ಟು ಬೇಳೆ ಎಂಬುದನ್ನು ಅವರ ಡಯಾಲಿಸಿಸ್ ಕೇಂದ್ರದಲ್ಲೇ ನಿರ್ಧರಿಸಬೇಕು. ಮುಂದಿನ ಡಯಾಲಿಸಿಸ್ ದಿನವೇ ಕೇಳಿ, ಅವರ ತೂಕದ ದಾಖಲೆಯನ್ನೂ ತೋರಿಸಿ.

ಚಿತ್ರದುರ್ಗದ ಸದಸ್ಯೆ: ಹರಳೆಣ್ಣೆ ಹಚ್ಚಿಟ್ಟ ತೊಗರಿಬೇಳೆಯನ್ನು ಎಷ್ಟು ಸಲ ತೊಳೆಯಬೇಕು?

ರಾಯಚೂರಿನ ಸದಸ್ಯರು: ಪಡಿತರ ಅಕ್ಕಿಯಲ್ಲಿ ಪ್ಲಾಸ್ಟಿಕ್ ಅಕ್ಕಿ ಬರುತ್ತಿದೆ, ನೀರಿನಲ್ಲಿ ತೇಲುತ್ತದೆ. ಎಲ್ಲರಿಗೂ ತಿಳಿಸಿ!

ತಜ್ಞೆ: ಅದು ಸಾರವರ್ಧಿತ ಅಕ್ಕಿ. ಅಕ್ಕಿ ಹಿಟ್ಟಿಗೆ ಕಬ್ಬಿಣ, ಫೋಲಿಕ್ ಆಮ್ಲ, ಬಿ12 ಸೇರಿಸಿ ಮಾಡಿದ ಕಾಳುಗಳು, ನೂರಕ್ಕೆ ಒಂದರಂತೆ ಬೆರೆಸಿರುತ್ತಾರೆ. ಆರಿಸಿ ಎಸೆಯಬೇಡಿ. ಯಾರಿಗೂ ತಿಳಿಸಬೇಡಿ.

ರಾಯಚೂರಿನ ಸದಸ್ಯರು: ಸರ್ಕಾರ ಹೇಳಿದ್ದನ್ನೆಲ್ಲ ನಂಬುತ್ತೀರಾ?

ಶಿವಮೊಗ್ಗದ ಸದಸ್ಯೆ: ನೀವು ಫೋನು ಹೇಳಿದ್ದನ್ನೆಲ್ಲ ನಂಬುತ್ತೀರಲ್ಲ.

ದಾವಣಗೆರೆಯ ಸದಸ್ಯೆ: ಮೇಡಂ, ಅತ್ತೆಯವರಿಗೆ ಓದಿ ಹೇಳಿದೆ. ಸಂಜೆ ಗಟ್ಟಿಯಾಗಿ ಕೊಟ್ಟೆವು, ನಾಲ್ಕು ಚಮಚ ತಿಂದಳು. ನಾಳೆ ಅಂಗನವಾಡಿಗೆ ರಜೆಯಂತೆ, ಸೋಮವಾರ ಹೋಗಲೇ?

ತಜ್ಞೆ: ಸೋಮವಾರದವರೆಗೆ ಕಾಯಬೇಡಿ. ನಾಳೆ ನೇರವಾಗಿ ಆಸ್ಪತ್ರೆಗೆ ಹೋಗಿ. ರಾತ್ರಿ ಜ್ವರ ಬಂದರೆ, ಹಾಲು ಕುಡಿಯದಿದ್ದರೆ, ಎಬ್ಬಿಸಿದರೂ ಸರಿಯಾಗಿ ಎಚ್ಚರವಾಗದಿದ್ದರೆ ಈಗಲೇ 108ಕ್ಕೆ ಕರೆ ಮಾಡಿ. ವೈದ್ಯರು ಬರೆದ ತೂಕವನ್ನು ನನಗೆ ಖಾಸಗಿಯಾಗಿ ಕಳುಹಿಸಿ.

ಗದಗದ ಸದಸ್ಯರು: ಬೇಳೆಯ ನೊರೆಯ ಬಗ್ಗೆ ಒಂದು ವಿಡಿಯೋ ಇದೆ, ಎಲ್ಲರೂ ನೋಡಿ.

ನಿರ್ವಾಹಕರು: ವಿಡಿಯೋ ತೆಗೆದುಹಾಕಲಾಗಿದೆ.

ಚಿತ್ರದುರ್ಗದ ಸದಸ್ಯೆ: ಹರಳೆಣ್ಣೆ ಬೇಳೆಯ ಬಗ್ಗೆ ಯಾರಾದರೂ ಹೇಳಿ.

ಕಲಬುರಗಿಯ ಸದಸ್ಯೆ: ಬಿಸಿನೀರಿನಲ್ಲಿ ಎರಡು-ಮೂರು ಸಲ ಉಜ್ಜಿ ತೊಳೆಯಿರಿ ಅಕ್ಕ. ಜಿಡ್ಡು ಹೋದಮೇಲೆ ಬೇಯಲು ಹಾಕಿ.